ಪದಚರ್ಚೆ: ‘ಪೀರ್ ಕೋಚಿಂಗ್’ಗೆ ಕನ್ನಡ ಬೇಕು, ನಾಳೆ ಫ್ಲೆಕ್ಸ್ ಅಚ್ಚಿಗೆ ಹೋಗಬೇಕು

ಅನುವಾದಕಿ, ಕಲಬುರಗಿ

ಎಲ್ಲರಿಗೂ ಶರಣು. ಪ್ರೌಢಶಾಲೆ ಶಿಕ್ಷಕರ ಎರಡು ದಿನದ ಕಾರ್ಯಾಗಾರಕ್ಕೆ 8 ಅಡಿ × 3 ಅಡಿ ಫ್ಲೆಕ್ಸ್ ಒಂದು, ನಾಲ್ಕು ಪುಟದ ಕೈಪಿಡಿ ಒಂದು ಕನ್ನಡದಲ್ಲಿ ಆಗಬೇಕು. ಫ್ಲೆಕ್ಸಿನ ಸಾಲು ನಾಳೆ ಹನ್ನೊಂದು ಗಂಟೆಯೊಳಗೆ ಸೂಪರ್ ಮಾರ್ಕೆಟ್ ಪ್ರದೇಶದ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ವಿಷಯ ಇದು: ಒಂದೇ ಹುದ್ದೆಯ ಇಬ್ಬರೋ ಮೂವರೋ ಕೂತು, ಸರದಿಯ ಮೇಲೆ ಒಬ್ಬರ ಕೆಲಸದ ತೊಡಕನ್ನು ಇನ್ನೊಬ್ಬರು ಪ್ರಶ್ನೆ ಕೇಳುತ್ತಾ ಬಿಡಿಸುವುದು. ಒಂದು ಸರದಿ 20 ನಿಮಿಷ. ಮೇಲಧಿಕಾರಿ ಇಲ್ಲ, ಅಂಕ ಇಲ್ಲ, ವರದಿ ಇಲ್ಲ. ಕರಡಿನಲ್ಲಿ ಈಗ ‘ಸಹೋದ್ಯೋಗಿ ತರಬೇತಿ’ ಅಂತಿದೆ, ಸಮಾಧಾನವಿಲ್ಲ. ‘ಕೋಚಿಂಗ್’ ಅಂತಲೇ ಬಿಟ್ಟರೆ ಇಲ್ಲಿ ನೀಟ್, ಪಿಎಸ್‌ಐ ಪರೀಕ್ಷೆಯ ಕ್ಲಾಸು ಅಂದುಕೊಳ್ಳುತ್ತಾರೆ. ಕೂತವರ ಪಾತ್ರಗಳಿಗೂ ಪದ ಬೇಕು.

ನಿವೃತ್ತ ಕನ್ನಡ ಉಪನ್ಯಾಸಕ, ಬೀದರ

‘ಸಹೋದ್ಯೋಗಿ ತರಬೇತಿ’ ತಪ್ಪು. ಸಹೋದ್ಯೋಗಿಗಳಿಂದಲೋ, ಸಹೋದ್ಯೋಗಿಗಳಿಗೋ? ಸಮಾಸ ಬಿಡಿಸಿದರೆ ಎರಡೂ ಬರುತ್ತದೆ, ಓದುವವರು ಎರಡನೆಯದನ್ನೇ ಹಿಡಿಯುತ್ತಾರೆ. ಮೇಲಾಗಿ ಸಂಸ್ಕೃತಕ್ಕೆ ಅರಬ್ಬಿಯನ್ನು ಅಂಟಿಸಿದ್ದೀರಿ. ಸಕ್ಕದವನ್ನು, ಅಂದರೆ ಸಂಸ್ಕೃತವನ್ನು, ಕನ್ನಡದೊಡನೆ ಅರಿಯದೆ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದಂತೆ ಎಂಬ ಕವಿರಾಜಮಾರ್ಗದ ಮಾತು ಹುಟ್ಟಿದ್ದು ನಿಮ್ಮದೇ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ. ‘ಒಡಗಲಿಕೆ’ ಅನ್ನಿ. ಒಡಗೂಡು ಇದ್ದ ಹಾಗೆ. ಮುಗಿಯಿತು.

ಶಿಕ್ಷಕರ ತರಬೇತಿಯಲ್ಲಿರುವವರು, ಯಾದಗಿರಿ

ಮುಗಿಯಲಿಲ್ಲ ಗುರುಗಳೆ. ‘ಒಡಗಲಿಕೆ’ಯನ್ನು ಫ್ಲೆಕ್ಸಿನ ಮೇಲೆ ಹತ್ತು ಅಡಿ ದೂರದಿಂದ ಓದುವವರಿಗೆ ಮೊದಲು ಕಾಣುವುದು ‘ಒಡೆ’.

ಪದಕ್ಕಿಂತ ಮೊದಲು ಕೆಲಸ ನೋಡೋಣ. 20 ನಿಮಿಷವನ್ನು ಹೀಗೆ ಹಂಚುತ್ತಾರೆ: ತೊಡಕು ಹೇಳಲು 3, ಬರೀ ಪ್ರಶ್ನೆಗೆ 12, ‘ಯಾವ ತಾರೀಖಿನೊಳಗೆ ಏನು ಮಾಡುತ್ತೇನೆ’ ಎಂದು ಒಂದೇ ಒಂದು ಸಾಲು ಬರೆದುಕೊಳ್ಳಲು 5. ಮೂವರಿದ್ದರೆ ಮೂರನೆಯವರು ಬಾಯಿ ತೆರೆಯದೆ ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳಬೇಕು. ಮೂರು ಸರದಿಗೆ 60 ನಿಮಿಷ, ನಡುವೆ ಪಾತ್ರ ಬದಲಿಸಲು ಐದೈದು.

ಕೆಡುವುದು ಆ 12 ನಿಮಿಷದಲ್ಲಿ. ‘ನಾನಾಗಿದ್ದರೆ ಹೀಗೆ ಮಾಡ್ತಿದ್ದೆ’ ಅಂದ ಕೂಡಲೇ ಸರದಿ ಸತ್ತಂತೆ, ಹೇಳುವವರು ಯೋಚಿಸುವುದನ್ನು ನಿಲ್ಲಿಸಿ ತಲೆಯಾಡಿಸಲು ಶುರು ಮಾಡುತ್ತಾರೆ. ಕನ್ನಡದಲ್ಲಿ ಇನ್ನೊಂದು ಅಪಾಯ ‘ಅಲ್ಲ’. ‘ಮಕ್ಕಳನ್ನ ಗುಂಪು ಮಾಡಿ ಕೂರಿಸಬಹುದಲ್ಲ?’ ಎಂಬುದು ಪ್ರಶ್ನೆಯ ವೇಷದ ಸಲಹೆ. ‘ಯಾಕೆ’ಯೂ ಬೇಡ, ಅದು ವಿಚಾರಣೆಯ ಹಾಗೆ ಕೇಳಿಸಿ ಎದುರಿನವರು ಸಮರ್ಥನೆಗೆ ಇಳಿಯುತ್ತಾರೆ. ಏನು, ಹೇಗೆ, ಯಾವಾಗ, ಯಾರು ಇದ್ದಾಗ: ಇವು ನಡೆಯುತ್ತವೆ. ಕೈಪಿಡಿಯಲ್ಲಿ ಈ ವ್ಯಾಕರಣ ಬರಲೇಬೇಕು, ಇಂಗ್ಲಿಷ್ ಮೂಲದಲ್ಲಿ ಇದು ಸಿಗುವುದಿಲ್ಲ.

ಮುಖ್ಯೋಪಾಧ್ಯಾಯರನ್ನು ಸಹಶಿಕ್ಷಕರ ಜೊತೆ ಜೋಡಿ ಮಾಡಬೇಡಿ. ಗೌಪ್ಯ ವರದಿ ಬರೆಯುವ ಕೈ ಎದುರಿಗಿದ್ದರೆ ಯಾರೂ ತೊಡಕು ಹೇಳುವುದಿಲ್ಲ, ಸಾಧನೆ ಹೇಳುತ್ತಾರೆ.

ಶಾಲೆಗಳಲ್ಲಿ ಈ ಪದ್ಧತಿಯನ್ನು 1980ರ ದಶಕದಲ್ಲಿ ಬೆಳೆಸಿದ ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1996ರ ಹೊತ್ತಿಗೆ ಬಾಯಿಮಾತಿನ ಹಿಮ್ಮಾಹಿತಿಯನ್ನೇ (ಫೀಡ್‌ಬ್ಯಾಕ್) ತೆಗೆದುಹಾಕಿದರು, ಹಿಮ್ಮಾಹಿತಿ ಕೊಡಲು ಹೋದವರು ತಮಗೇ ತಿಳಿಯದೆ ಮೌಲ್ಯಮಾಪನಕ್ಕೆ ಇಳಿಯುತ್ತಿದ್ದರೆಂದು. ಅವರ ಲೆಕ್ಕದಲ್ಲಿ ಪಾಠ ಮಾಡುತ್ತಿರುವವರೇ ಕೋಚ್, ಹಿಂದೆ ಕೂತು ನೋಡುತ್ತಿರುವವರು ಕಲಿಯುವವರು. ಇದನ್ನು ‘ತರಬೇತುದಾರ’ ಎಂದು ಅನುವಾದಿಸಿದರೆ ಎಲ್ಲ ತಲೆಕೆಳಗು.

ಉರ್ದು–ಕನ್ನಡ ಅನುವಾದಕ, ಕಲಬುರಗಿ

ತರಬೇತಿ ಅರಬ್ಬಿಯದು ಅಂತ ಬೀದರದ ಸರ್ ಕೈಬಿಟ್ಟಿದ್ದು ಅನ್ಯಾಯ. ‘ತರ್ಬಿಯತ್’ ಬರುವುದು ಬೆಳೆಯುವುದು, ಹೆಚ್ಚುವುದು ಎಂಬ ಅರ್ಥದ ಮೂಲದಿಂದ. ಇವತ್ತಿಗೂ ನಮ್ಮ ಊರಿನ ಉರ್ದು ಮನೆಗಳಲ್ಲಿ ತರ್ಬಿಯತ್ ಅಂದರೆ ಮಕ್ಕಳನ್ನು ಬೆಳೆಸುವ ರೀತಿ. ಕನ್ನಡಕ್ಕೆ ಬಂದು ಅದು ಡ್ರಿಲ್ ಆಯಿತು, ಶಬ್ದದ ತಪ್ಪಲ್ಲ. ‘ಕೋಚ್’ ನೋಡಿ: ಹಂಗೇರಿಯ ಒಂದು ಹಳ್ಳಿಯ ಹೆಸರು ಅಲ್ಲಿಯ ಗಾಡಿಗೆ ಬಂತು, 1830ರ ಸುಮಾರಿಗೆ ಆಕ್ಸ್‌ಫರ್ಡಿನ ಹುಡುಗರ ಬಾಯಲ್ಲಿ ಪರೀಕ್ಷೆ ದಾಟಿಸುವ ಮೇಷ್ಟ್ರಿಗೆ ಅಂಟಿತು. ಅಂದಮೇಲೆ ನಮ್ಮ ಊರಿನ ‘ಕೋಚಿಂಗ್ ಕ್ಲಾಸ್’ ಅರ್ಥವೇ ಹಳೆಯದು.

ನನ್ನ ಸೂಚನೆ ‘ಸರೀಕರ ಕಲಿಕೆ’. ಸರೀಕ ಅಂದರೆ ಸರಿಸಮಾನ. ಅರಬ್ಬಿಯ ‘ಶರೀಕ್’, ಪಾಲುದಾರ. ಸಮಾನತೆ, ಪಾಲು ಎರಡೂ ಒಂದೇ ಪದದಲ್ಲಿವೆ.

ನಿವೃತ್ತ ಕನ್ನಡ ಉಪನ್ಯಾಸಕ, ಬೀದರ

ಸರೀಕಕ್ಕೆ ಅರಬ್ಬಿ ಬೇಕಿಲ್ಲ. ‘ಸರಿ’ ಅಚ್ಚಗನ್ನಡ, ಅದರ ಮೇಲೆ ಪ್ರತ್ಯಯ.

ಉರ್ದು–ಕನ್ನಡ ಅನುವಾದಕ, ಕಲಬುರಗಿ

ಹಾಗಿದ್ದರೆ ‘ರೀ’ ದೀರ್ಘ ಎಲ್ಲಿಂದ ಬಂತು? ಪ್ರತ್ಯಯ ತೋರಿಸಿ, ಒಪ್ಪುತ್ತೇನೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯುವವರೆಗೆ ಈ ಸೀಮೆಯ ದಫ್ತರದ ಮಾತು ಉರ್ದು. ಅರ್ಜಿ, ಹಾಜರಿ, ವಕೀಲ, ಜಿಲ್ಲಾ ಎಲ್ಲ ಹಾಗೇ ಉಳಿದಿವೆ. ಅವನ್ನು ಕಿತ್ತರೆ ಇಲ್ಲಿಯ ರೈತ ಒಂದು ಪಹಣಿಯನ್ನೂ ಕೇಳಲಾರ.

ನಿವೃತ್ತ ಕನ್ನಡ ಉಪನ್ಯಾಸಕ, ಬೀದರ

ಉಳಿದದ್ದನ್ನು ಕೀಳಿ ಅಂದವರಾರು? ಹೊಸದನ್ನು ಕಟ್ಟುವಾಗ ಮನೆಯ ಮಣ್ಣು ಮೊದಲು ನೋಡಿ ಅಂದೆ.

ಓದುಗ, ಸೇಡಂ

ಅಕ್ಕೋರೆ, ಹೊಲದ ಮಾತು ಯಾಕ ಬಿಟ್ರಿ? ‘ಮುಯ್ಯಾಳು’ ಅದ ಅಲ್ರಿ. ಇವತ್ತ ನಾ ನಿಮ್ಮ ಹೊಲಕ್ಕ ತೊಗರಿ ಕೊಯ್ಲಾಕ ಬರ್ತೀನಿ, ನಾಳಿ ನೀವು ನನ್ನ ಹೊಲಕ್ಕ ಬರ್ರಿ. ಕೂಲಿ ಇಲ್ಲ, ಸಾಹುಕಾರ ಇಲ್ಲ. ಸರದಿ ಅದರೊಳಗೇ ಅದ. ‘ಮುಯ್ಯಿ ಕಲಿಕೆ’ ಅನ್ರಿ.

ಶಿಕ್ಷಕರ ತರಬೇತಿಯಲ್ಲಿರುವವರು, ಯಾದಗಿರಿ

ಸರದಿಯ ಅರ್ಥ ನಿಜಕ್ಕೂ ಚೆನ್ನಾಗಿದೆ, ಆದರೆ ‘ಮುಯ್ಯಿ ತೀರಿಸಿಕೊಂಡ’ ಅಂದರೆ ಸೇಡು. ಶಾಲೆಯ ಗೋಡೆಗೆ ಬೇಡ.

‘ಸರೀಕ’ದ ಬಗ್ಗೆಯೂ ಎಚ್ಚರ. ನಮ್ಮಲ್ಲಿ ಈ ಪದ ಹೆಚ್ಚು ಬರುವುದು ‘ಸರೀಕರ ಮುಂದ ಮಾನ ಹೋತು’ ಎಂಬಲ್ಲಿ. ಈ ಕೆಲಸ ಕುಂಟುವುದು ಆ ಅಂಜಿಕೆಯಿಂದಲೇ: ಗಣಿತದವರು ಇನ್ನೊಬ್ಬ ಗಣಿತದವರ ಎದುರು ‘ಭಿನ್ನರಾಶಿ ನನ್ನ ತರಗತಿಗೆ ಹತ್ತುತ್ತಿಲ್ಲ’ ಅನ್ನುವುದಿಲ್ಲ. ಅದಕ್ಕೇ ಮೊದಲ ಎರಡು ಸರದಿಗೆ ಬೇರೆ ಬೇರೆ ವಿಷಯದವರನ್ನು ಜೋಡಿ ಮಾಡುವುದು ಲೇಸು. ವಿಷಯ ಗೊತ್ತಿಲ್ಲದವರಿಗೆ ಸಲಹೆ ಕೊಡಲು ಬರುವುದಿಲ್ಲ, ಪ್ರಶ್ನೆ ಮಾತ್ರ ಉಳಿಯುತ್ತದೆ. ಆದರೂ ಪದ ಬಿಡಬೇಡಿ. ‘ಸಹೋದ್ಯೋಗಿ’ಯಲ್ಲಿ ಮುಖ್ಯೋಪಾಧ್ಯಾಯರೂ ಸೇರುತ್ತಾರೆ, ‘ಸರೀಕ’ದಲ್ಲಿ ಸೇರುವುದಿಲ್ಲ.

ಪಾತ್ರದ ಪದ ಹುಡುಕುವುದೇ ಬೇಡ, ಕನ್ನಡದಲ್ಲಿ ಸಿದ್ಧವಾಗಿದೆ: ‘ಕೇಳುವವರು’. ಕಿವಿಗೊಡುವುದಕ್ಕೂ ಪ್ರಶ್ನಿಸುವುದಕ್ಕೂ ನಮಗೆ ಒಂದೇ ಧಾತು. ಆ 12 ನಿಮಿಷದಲ್ಲಿ ಮಾಡಬೇಕಾದದ್ದು ಈ ಎರಡೇ, ಮೂರನೆಯದು ಏನನ್ನು ಮಾಡಿದರೂ ತಪ್ಪು. ಇಂಗ್ಲಿಷಿನಲ್ಲಿ ಪುಟಗಟ್ಟಲೆ ವಿವರಿಸುವುದನ್ನು ಈ ಒಂದು ಕ್ರಿಯಾಪದ ಹೇಳುತ್ತದೆ.

ನಿವೃತ್ತ ಕನ್ನಡ ಉಪನ್ಯಾಸಕ, ಬೀದರ

‘ಕೇಳು’ವಿಗೆ ಬೇಡುವುದು ಎಂಬ ಅರ್ಥವೂ ಇದೆ. ನೆರವು ಕೇಳುವವರು ಅಂತ ತಿಳಿದರೆ ಪಾತ್ರ ಅದಲುಬದಲು. ಎದುರು ಪದವನ್ನು ಜೊತೆಗೇ ಇಡಿ: ‘ತೊಡಕು ಹೇಳುವವರು’, ‘ಕೇಳುವವರು’. ಮೂರನೆಯವರು ‘ಬರೆದುಕೊಳ್ಳುವವರು’. ಅಚ್ಚಗನ್ನಡ, ಒಪ್ಪಿದೆ.

ಅನುವಾದಕಿ, ಕಲಬುರಗಿ

ಎಲ್ಲರಿಗೂ ವಂದನೆ. ಫ್ಲೆಕ್ಸಿಗೆ ದೊಡ್ಡಕ್ಷರದಲ್ಲಿ ‘ಸರೀಕರ ಕಲಿಕೆ’, ಕೆಳಗೆ ಸಣ್ಣದಾಗಿ ‘ಶಿಕ್ಷಕರು ಶಿಕ್ಷಕರನ್ನು ಕೇಳುವ ಎರಡು ದಿನ’. ಪಾತ್ರಗಳು ಬೀದರದ ಸರ್ ಹೇಳಿದ ಮೂರೂ ಹಾಗೆಯೇ. ‘ಅಲ್ಲ’ ಮತ್ತು ‘ಯಾಕೆ’ಯ ಮಾತು ಕೈಪಿಡಿಯ ಎರಡನೇ ಪುಟಕ್ಕೆ ಹೋಗುತ್ತದೆ.

ಉರ್ದು–ಕನ್ನಡ ಅನುವಾದಕ, ಕಲಬುರಗಿ

ಅಂಗಡಿಗೆ ಯೂನಿಕೋಡ್ ಸಾಲು ವಾಟ್ಸಾಪ್ ಮಾಡಬೇಡಿ. ಹಳೆಯ ಫೋಟೋಶಾಪ್ ಇದ್ದರೆ ‘ಶಿಕ್ಷಕ’ದ ಒತ್ತು ಕಳಚಿ ಬೀಳುತ್ತದೆ. ಪಿಡಿಎಫ್ ಮಾಡಿ ಕೊಡಿ, ಇಲ್ಲವೇ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿ. ಅಚ್ಚಿಗೆ ಮೊದಲು ‘ರೀ’ ದೀರ್ಘ ಇದೆಯೋ ಇಲ್ಲವೋ ಪರದೆಯ ಮೇಲೆ ನೋಡಿ.

ನಿವೃತ್ತ ಕನ್ನಡ ಉಪನ್ಯಾಸಕ, ಬೀದರ

ದೀರ್ಘ ಇರಲಿ. ಅದು ಅರಬ್ಬಿಯದೆಂದು ಮಾತ್ರ ನಾನು ಇನ್ನೂ ಒಪ್ಪಿಲ್ಲ.