ಡೈಕಾಸ್ಟ್ ಕಾರು: ಟೇಪ್ ಕಿತ್ತರೆ ಬಣ್ಣವೂ ಕಿತ್ತು ಬರುತ್ತೆ, ಡೆಕಾಲ್ ಸುಕ್ಕಾಗುತ್ತೆ. ಎಲ್ಲಿ ತಪ್ಪು?

ಪುಟ್ಟಗಾಲಿ:
1:64 ಅಳತೆಯ (ನಿಜ ಕಾರಿನ 64ನೇ ಒಂದರಷ್ಟು) ಎರಡು ಡೈಕಾಸ್ಟ್, ಅಂದರೆ ಲೋಹದ ಎರಕದ ಆಟಿಕೆ ಕಾರಿನ ಬಾಡಿ. ಎರಡರದ್ದೂ ಹಳೇ ಬಣ್ಣ ಅಸಿಟೋನ್‌ನಲ್ಲಿ ನೆನೆಸಿ ತೆಗೆದಾಗಿದೆ. ಒಂದಕ್ಕೆ ಪ್ರೈಮರ್ ಇಲ್ಲದೆ ನೇರವಾಗಿ ಎನಾಮೆಲ್ ಸ್ಪ್ರೇ, ಎರಡು ಕೋಟ್. ಪಟ್ಟೆ ಬರೆಯಲು ಮಾಸ್ಕಿಂಗ್ ಟೇಪ್ ಅಂಟಿಸಿ ತೆಗೆದಾಗ ಬಾನೆಟ್ ಅಂಚಿನ ಬಣ್ಣ ಸಿಪ್ಪೆಯಂತೆ ಎದ್ದು ಬಂತು, ಕೆಳಗೆ ಬರೀ ಲೋಹ. ಇನ್ನೊಂದರಲ್ಲಿ ಬಣ್ಣ ನಿಂತಿದೆ, ಆದರೆ ಮ್ಯಾಟ್ ಬಣ್ಣದ ಮೇಲೆ ಹಾಕಿದ ವಾಟರ್‌ಸ್ಲೈಡ್ ಡೆಕಾಲ್ (ನೀರಲ್ಲಿ ನೆನೆಸಿ ಕಾಗದದಿಂದ ಜಾರಿಸಿ ಅಂಟಿಸುವ ತೆಳು ಚಿತ್ರ) ಅಡಿಯಲ್ಲಿ ಬೆಳ್ಳಿ ಹೊಳಪಿನ ಮಂಜು ಕಾಣುತ್ತೆ. ಮೇಲೆ ಲ್ಯಾಕರ್ ಕ್ಲಿಯರ್ (ಥಿನ್ನರ್ ಬೆರೆತ, ಬಣ್ಣವಿಲ್ಲದ ಮೇಲ್ಪದರ) ಹೊಡೆದ ಕೂಡಲೇ ಡೆಕಾಲ್ ಸುಕ್ಕುಗಟ್ಟಿತು. ರಿವೆಟ್ ಕೊರೆದು ಬಿಚ್ಚಿದ ತಳವನ್ನು ಮತ್ತೆ ಬಿಗಿಯುವ ಸರಿಯಾದ ವಿಧಾನವನ್ನೂ ತಿಳಿಸಿ.

ತೆಳುಕೋಟ್:
ಮೊದಲ ಬಾಡಿಯಲ್ಲಿ ಟೇಪಿನ ತಪ್ಪೇನಿಲ್ಲ. ಈ ಕಾರುಗಳ ಲೋಹ ಜ಼ಮಾಕ್, ಅಂದರೆ ಸುಮಾರು 4% ಅಲ್ಯೂಮಿನಿಯಂ ಬೆರೆತ ಸತುವಿನ ಮಿಶ್ರಲೋಹ. ಸತುವಿನ ಮೇಲೆ ಆಲ್ಕಿಡ್ (ಎಣ್ಣೆ ಮೂಲದ ರಾಳದ) ಎನಾಮೆಲ್ ನೇರವಾಗಿ ಕೂತರೆ ಕಾಲಕ್ರಮೇಣ ಎರಡರ ನಡುವೆ ಸಾಬೂನಿನಂಥ ಪದರ ಹುಟ್ಟಿ ಹಿಡಿತ ಬಿಡುತ್ತೆ. ಜೊತೆಗೆ ಎರಕದ ಮೈ ನುಣುಪು, ಬಣ್ಣಕ್ಕೆ ಕಚ್ಚಿಕೊಳ್ಳಲು ಜಾಗವೇ ಇರಲ್ಲ. ಇಷ್ಟು ಬೇಗ ಕಿತ್ತು ಬಂದಿದೆ ಅಂದರೆ ನಿಮ್ಮ ಬಾಡಿಯಲ್ಲಿ ಈ ಎರಡನೇ ಕಾರಣವೇ ದೊಡ್ಡದು.

ಮತ್ತೆ ಮೊದಲಿಂದ ಶುರು ಮಾಡಿ. ಬಣ್ಣ ಪೂರ್ತಿ ತೆಗೆದ ಮೇಲೆ ಎರಕದ ಅಚ್ಚುಗಳು ಸೇರಿದ ಗೆರೆಯನ್ನು ಸಣ್ಣ ಅರದಿಂದ ತೀಡಿ. ಆಮೇಲೆ 600, ನಂತರ 1000 ನಂಬರಿನ ವಾಟರ್ ಪೇಪರ್‌ನಿಂದ ಒದ್ದೆಯಾಗಿ ಉಜ್ಜಿ. ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಹಳೇ ಟೂತ್‌ಬ್ರಷ್‌ನಿಂದ ತೊಳೆದು ನೀರು ಹರಿಸಿ ನೋಡಿ: ನೀರು ಹಾಳೆಯಂತೆ ಹರಡಿ ನಿಂತರೆ ಜಿಡ್ಡು ಹೋಗಿದೆ, ಹನಿಹನಿಯಾಗಿ ಒಡೆದರೆ ಇನ್ನೂ ಇದೆ. ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಅಲ್ಲಿಂದಾಚೆ ಬರಿಗೈ ತಾಗಿಸಬೇಡಿ, ಹೆಬ್ಬೆರಳಿನ ಒಂದೇ ಗುರುತು ಸಾಕು ಬಣ್ಣ ಏಳೋಕೆ.

ನಂತರ ಎಚ್ (etch) ಪ್ರೈಮರ್, ಅಂದರೆ ಆಮ್ಲದಿಂದ ಲೋಹವನ್ನು ಕಚ್ಚಿ ಹಿಡಿಯುವ ಪ್ರೈಮರ್, ಲೋಹ ಮಸುಕಾಗಿ ಕಾಣುವಷ್ಟು ತೆಳ್ಳಗೆ ಒಂದೇ ಕೋಟ್. ದಪ್ಪ ಹೊಡೆದರೆ ಅದರ ಆಮ್ಲ ಒಳಗೇ ಉಳಿದು ಮೇಲಿನ ಬಣ್ಣಕ್ಕೆ ತೊಂದರೆ. ಅದರ ಮೇಲೆ ಬೂದು ಪ್ರೈಮರ್ ಎರಡು ತೆಳು ಕೋಟ್, ಬಾಡಿಯಿಂದ 20–25 ಸೆಂ.ಮೀ. ದೂರದಿಂದ, ನಡುವೆ 10–15 ನಿಮಿಷ ಬಿಟ್ಟು. ಸ್ಪ್ರೇಯನ್ನು ಬಾಡಿಯ ಆಚೆಯೇ ಶುರುಮಾಡಿ ಆಚೆಯೇ ನಿಲ್ಲಿಸಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಲ್ಯಾಕರ್ ಹೊಡೆಯಲೇಬೇಡಿ, ಬೆಳ್ಳಗೆ ಮಂಕು ಕಟ್ಟುತ್ತೆ. ಅಸಿಟೋನ್ ಮತ್ತು ಸ್ಪ್ರೇ ಎರಡಕ್ಕೂ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಬಟ್ಟೆ ಮಾಸ್ಕ್ ಆವಿಯನ್ನು ತಡೆಯಲ್ಲ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಹಾಕಿ.

ಗ್ಲಾಸ್‌ಮೈ:
ಎಚ್ ಪ್ರೈಮರ್ ಸಿಗದಿದ್ದರೆ ಕೆಲಸ ನಿಲ್ಲಿಸಬೇಕಿಲ್ಲ. ಕಪಾಟಿನಲ್ಲಿಡುವ ಕಾರಿಗೆ ಸರಿಯಾಗಿ ಉಜ್ಜಿದ ಮೈ ಮೇಲೆ ಒಳ್ಳೆಯ ಲ್ಯಾಕರ್ ಪ್ರೈಮರ್ ಸಾಕು. ಕೈಯಲ್ಲಿ ಹಿಡಿದು ಓಡಿಸುವ ಕಾರಿಗೆ ಮಾತ್ರ ಎಚ್ ಪ್ರೈಮರ್ ಬಿಡಬೇಡಿ.

ಡೆಕಾಲ್ ವಿಷಯಕ್ಕೆ ಬರೋಣ. ಆ ಬೆಳ್ಳಿ ಮಂಜು ಅಂದರೆ ಗಾಳಿ. ಮ್ಯಾಟ್ ಮೈ ಒರಟಾಗಿರುತ್ತೆ, ಆ ಗುಂಡಿಗಳಲ್ಲಿ ಗಾಳಿ ಸಿಕ್ಕಿಕೊಂಡು ಬೆಳಕಿಗೆ ಹೊಳೆಯುತ್ತೆ. ಆದ್ದರಿಂದ ಕೊನೆಗೆ ಕಾರು ಮ್ಯಾಟ್ ಆಗಿಯೇ ಇರಬೇಕಿದ್ದರೂ ಡೆಕಾಲ್‌ಗೆ ಮೊದಲು ಗ್ಲಾಸ್ (gloss, ಹೊಳಪಿನ) ಕ್ಲಿಯರ್ ಹೊಡೆದು 24 ಗಂಟೆ ಒಣಗಿಸಿ. ಡೆಕಾಲನ್ನು ಉಗುರು ಬೆಚ್ಚಗಿನ ನೀರಲ್ಲಿ 20–30 ಸೆಕೆಂಡ್ ಅದ್ದಿ ಹೊರಗಿಡಿ. ಕಾಗದದ ಮೇಲೆ ತಾನಾಗಿ ಜಾರುವವರೆಗೆ ಕಾಯಿರಿ, ಎಳೆಯಬೇಡಿ. ಕೂರಿಸಿದ ಮೇಲೆ ಒದ್ದೆ ಹತ್ತಿಕಡ್ಡಿಯನ್ನು ನಡುವಿನಿಂದ ಅಂಚಿಗೆ ಉರುಳಿಸಿ ನೀರು ಹೊರಹಾಕಿ. ಬಾಗಿಲಿನ ಗೆರೆ ದಾಟುವ ಕಡೆ ಡೆಕಾಲ್ ಸಾಫ್ಟ್‌ನರ್ (ಫಿಲ್ಮನ್ನು ಮೆತ್ತಗಾಗಿಸುವ ದ್ರವ) ಒಂದು ಹನಿ. ಅದು ಬಿದ್ದಾಗ ಡೆಕಾಲ್ ಗಾಬರಿಯಾಗುವಷ್ಟು ಮುದುಡುತ್ತೆ. ಮುಟ್ಟಬೇಡಿ, ಒಣಗುತ್ತಾ ತಾನೇ ಗೆರೆಯೊಳಗೆ ಇಳಿಯುತ್ತೆ. ಈಗಾಗಲೇ ಗಾಳಿ ಸೇರಿರುವ ಕಡೆ, ಮೇಲೆ ಕ್ಲಿಯರ್ ಬೀಳದಿದ್ದರೆ, ಸೂಜಿಯಿಂದ ಚುಚ್ಚಿ ಸಾಫ್ಟ್‌ನರ್ ಬಿಡಬಹುದು.

ಸುಕ್ಕಿಗೆ ಕಾರಣ ಲ್ಯಾಕರಿನ ಥಿನ್ನರ್. ಮೊದಲ ಕೋಟೇ ಒದ್ದೆಯಾಗಿ ಬಿದ್ದರೆ ಡೆಕಾಲಿನ ಫಿಲ್ಮ್ ಕರಗುತ್ತೆ. ಡೆಕಾಲ್ ಒಂದು ದಿನ ಒಣಗಿದ ಮೇಲೆ ಮಂಜಿನಂತೆ ಎರಡು ಮೂರು ಒಣ ಕೋಟ್, ತಲಾ 15 ನಿಮಿಷದ ಅಂತರದಲ್ಲಿ. ಹೊಳಪಿನ ಒದ್ದೆ ಕೋಟ್ ಕೊನೆಗೆ. ಇದೇ ಕಾರಣಕ್ಕೆ ಎನಾಮೆಲ್ ಮೇಲೆ ಲ್ಯಾಕರ್ ಬೇಡ, ಅಡಿಯ ಬಣ್ಣವೇ ಊದಿಕೊಂಡು ಏಳುತ್ತೆ. ಲ್ಯಾಕರ್ ಮೇಲೆ ಎನಾಮೆಲ್ ಆಗಬಹುದು.

ಮೂರುಮಿಮೀ:
ರಿವೆಟ್ ಬಗ್ಗೆ. ತಲೆಯ ನಡುವೆ ಸೆಂಟರ್ ಪಂಚ್‌ನಿಂದ ಗುಳಿ ಮಾಡಿ, 1.5 ಮಿ.ಮೀ. ಬಿಟ್‌ನಿಂದ ನೇರವಾಗಿ ದಾರಿ ಮಾಡಿಕೊಂಡು, ಆಮೇಲೆ 3–3.5 ಮಿ.ಮೀ. ಬಿಟ್ ಹಾಕಿ ನಿಧಾನಕ್ಕೆ ಕೊರೆಯಿರಿ. ಅರಳಿದ ತಲೆ ಉಂಗುರದಂತೆ ಬಿಡಿಸಿಕೊಂಡು ಬಿಟ್ ಜೊತೆಗೇ ತಿರುಗತೊಡಗುತ್ತೆ, ಅಲ್ಲೇ ನಿಲ್ಲಿಸಿ. ಇನ್ನೂ ಇಳಿದರೆ ತಳವನ್ನು ಹಿಡಿದಿದ್ದ ಬಾಡಿಯ ಕಂಬವೇ ಹೋಗುತ್ತೆ, ತಿರುಪಿಗೆ ಲೋಹ ಉಳಿಯಲ್ಲ.

ಬಿಗಿಯಲು ಎಂ2 (2 ಮಿ.ಮೀ. ದಪ್ಪದ) ತಿರುಪು. ಕಂಬದಲ್ಲಿ 1.6 ಮಿ.ಮೀ. ರಂಧ್ರ, 5–6 ಮಿ.ಮೀ. ಆಳ. ಬಿಟ್‌ಗೆ ಆ ಅಳತೆಗೆ ಟೇಪ್ ಸುತ್ತಿದರೆ ಛಾವಣಿ ತೂತಾಗುವ ಭಯ ಇಲ್ಲ. ಆಮೇಲೆ ರಂಧ್ರದೊಳಗೆ ತಿರುಪಿನ ಎಳೆ ಕೊರೆಯುವ ಟ್ಯಾಪ್‌ಗೆ ಒಂದು ಹನಿ ಎಣ್ಣೆ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಜ಼ಮಾಕ್ ಪುಡಿ ಎಳೆಗಳಲ್ಲಿ ತುಂಬಿ ಟ್ಯಾಪ್ ಮುರಿದರೆ ತೆಗೆಯೋದು ಬಹಳ ಕಷ್ಟ. ಈ ಕೆಲಸವೆಲ್ಲ ಬಣ್ಣಕ್ಕೆ ಮುಂಚೆಯೇ ಮುಗಿಸಿ.

ಪುಟ್ಟಗಾಲಿ:
ತುಂಬಾ ಉಪಕಾರ. ಕಿಟಕಿ ಪ್ಲಾಸ್ಟಿಕ್ ಕೂರಿಸಲು ಸೂಪರ್ ಗ್ಲೂ ಆಗಬಹುದೇ?

ಮೂರುಮಿಮೀ:
ಬೇಡ. ಅದರ ಆವಿ ಗಾಜಿನ ಮೇಲೆ ಬೆಳ್ಳಗೆ ಕೂರುತ್ತೆ. ಮರದ ಕೆಲಸದ ಬಿಳಿ ಪಿವಿಎ ಅಂಟನ್ನು ಟೂತ್‌ಪಿಕ್ ತುದಿಯಲ್ಲಿ ಹಚ್ಚಿ, ಒಣಗಿದಾಗ ಪಾರದರ್ಶಕವಾಗುತ್ತೆ. ಕೂರಿಸುವ ಮೊದಲು ಕಿಟಕಿ ಅಂಚು ತಾಗುವ ಜಾಗಗಳ ಬಣ್ಣವನ್ನು ಒಳಗಿನಿಂದ ಕೆರೆದು ತೆಗೆಯಿರಿ. ಪ್ರೈಮರ್, ಬಣ್ಣ, ಕ್ಲಿಯರ್ ಸೇರಿ ಆಗುವ ದಪ್ಪಕ್ಕೇ ಕಿಟಕಿ ಸರಿಯಾಗಿ ಕೂರದೆ, ತಿರುಪು ಬಿಗಿದಾಗ ಬಿರುಕು ಬಿಡುತ್ತೆ.