ಪದ ಬೇಕು, ಸ್ವಲ್ಪ ಅರ್ಜೆಂಟ್: ಕಾಂಟ್ರ್ಯಾಕ್ಟರ್‌ಗಳ ಹಳೆಯ ವರ್ಷಗಳ ತೆರಿಗೆ ತನಿಖೆ

ಎಲ್ಲರಿಗೂ ನಮಸ್ಕಾರ.

ನಾನು ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದೇನೆ. ಶನಿವಾರ ಇಲ್ಲಿನ ಕನ್ನಡಿಗರಿಗಾಗಿ ತೆರಿಗೆ ಬಗ್ಗೆ ಒಂದು ಮಾತುಕತೆ ಇಟ್ಟುಕೊಂಡಿದ್ದೇವೆ. ಬಾಗಿಲಿಗೆ ಅಂಟಿಸಲು ಒಂದು ಪೋಸ್ಟರ್, ಕೈಗೆ ಕೊಡಲು ಒಂದು ಕರಪತ್ರ ಬೇಕು. ಎರಡೂ ಕನ್ನಡದಲ್ಲೇ ಇರಬೇಕು, ಗುರುವಾರ ಪ್ರಿಂಟಿಗೆ ಹೋಗಬೇಕು.

ವಿಷಯ ಇದು. ಇಲ್ಲಿ ಐಟಿಯಲ್ಲಿರುವ ನಮ್ಮವರಲ್ಲಿ ಹಲವರು ಯಾರ ನೌಕರಿಯಲ್ಲೂ ಇಲ್ಲ. ತಮ್ಮದೇ ಒಂದು ಪುಟ್ಟ ಲಿಮಿಟೆಡ್ ಕಂಪನಿ ಮಾಡಿಕೊಂಡು, ಅದರ ಮೂಲಕ ಬ್ಯಾಂಕಿಗೋ ವಿಮಾ ಕಂಪನಿಗೋ ಕೆಲಸ ಮಾಡಿಕೊಡುತ್ತಾರೆ. ದಿನಕ್ಕೆ ಇಷ್ಟು ಅಂತ ಬಿಲ್. ಐಆರ್35 ಎಂಬ ನಿಯಮ ಕೇಳುವುದು ಒಂದೇ ಪ್ರಶ್ನೆ: ನಡುವೆ ನಿಮ್ಮ ಕಂಪನಿ ಇಲ್ಲದಿದ್ದರೆ ನೀವು ಆ ಬ್ಯಾಂಕಿನ ನೌಕರರೇ ಆಗುತ್ತಿದ್ದಿರಾ? ಹೌದು ಅಂದರೆ ನೌಕರರ ಹಾಗೆಯೇ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿ ಮುಂತಾದವಕ್ಕೆ ಸರ್ಕಾರಕ್ಕೆ ಕಟ್ಟುವ ವಂತಿಗೆ) ಕಟ್ಟಬೇಕು. ಖಾಸಗಿ ವಲಯದಲ್ಲಿ 2021ರ ಏಪ್ರಿಲ್‌ವರೆಗೆ ಇದನ್ನು ನಾವೇ ತೀರ್ಮಾನಿಸಿಕೊಳ್ಳುತ್ತಿದ್ದೆವು. ಆಮೇಲೆ ದೊಡ್ಡ ಮತ್ತು ಮಧ್ಯಮ ಕಂಪನಿಗಳಲ್ಲಿ ಕೆಲಸ ಕೊಡುವವರೇ ತೀರ್ಮಾನಿಸಬೇಕು ಎಂದಾಯಿತು. ಬಹಳ ಕಡೆ 'ನೀವು ನೌಕರರ ಹಾಗೆಯೇ' ಅಂದುಬಿಟ್ಟರು. ಅದೇ ಕುರ್ಚಿ, ಅದೇ ಕೆಲಸ, ಅದೇ ಮ್ಯಾನೇಜರ್. ಹಾಗಾದರೆ ಅದಕ್ಕೆ ಮುಂಚಿನ ವರ್ಷಗಳ ಕಥೆ ಏನು? ತೆರಿಗೆಯವರು ಹಿಂದಕ್ಕೆ ಹೋಗಿ ಲೆಕ್ಕ ಕೇಳಿದರೆ? ಎಲ್ಲರ ತಲೆಯಲ್ಲೂ ಇದೇ.

ನನಗೆ ಮೂರು ಪದ ಬೇಕು: ಕಾಂಟ್ರ್ಯಾಕ್ಟರ್, ಎಂಪ್ಲಾಯ್‌ಮೆಂಟ್ ಸ್ಟೇಟಸ್, ರೆಟ್ರೊಸ್ಪೆಕ್ಟಿವ್ ಇನ್ವೆಸ್ಟಿಗೇಷನ್. ನಾನು ಬರೆದಿದ್ದು: 'ಗುತ್ತಿಗೆದಾರರ ಉದ್ಯೋಗ ಸ್ಥಿತಿಯ ಪೂರ್ವಾನ್ವಯ ತೆರಿಗೆ ತನಿಖೆ'. ನನ್ನ ಹೆಂಡತಿ ಓದಿ, 'ಇದೇನು, ಪಿಡಬ್ಲ್ಯೂಡಿ ಟೆಂಡರ್ ಹಗರಣವಾ?' ಅಂದಳು.

ಎಸ್.ಕೆ., ರೀಡಿಂಗ್

———

'ಗುತ್ತಿಗೆ' ನಮ್ಮದೇ ಪದ. ಹಳೆಯ ರೂಪ ಗುತ್ತಗೆ. ತಮಿಳಿನ ಕುತ್ತಗೈ, ತೆಲುಗಿನ ಗುತ್ತ ಇದರ ಒಡಹುಟ್ಟು. ಅದರ ಬಾಲಕ್ಕೆ ಪಾರಸಿಯ 'ದಾರ' ಕಟ್ಟಿ ಕೆಡಿಸಿದ್ದೇವೆ. ಗುತ್ತಿಗೆಗಾರ ಎನ್ನಿ. 'ತನಿಖೆ' ಅರಬ್ಬಿ, ಬಿಡಿ. ಒರೆಗೆ ಹಚ್ಚಿ ನೋಡುವುದು ಎಂಬರ್ಥದ ಒರೆತ ಇದೆ. 'ಪೂರ್ವಾನ್ವಯ' ಪೂರ್ತಿ ಸಂಸ್ಕೃತ, ಅದನ್ನೂ ಬಿಡಿ. ರೆಟ್ರೊಸ್ಪೆಕ್ಟಿವ್‌ಗೆ ಹಿನ್ನೋಟ ಎಂಬ ಚೆಂದದ ಪದವಿದೆ.

ಗುತ್ತಿಗೆಗಾರರ ಹಿನ್ನೋಟದ ತೆರಿಗೆ ಒರೆತ. ಮುಗಿಯಿತು.

ಪ.ನ., ಮೈಸೂರು

———

ಒರೆತವಾ? ಅಕ್ಕಸಾಲಿಗರ ಸಂಘದ ಸಭೆ ಅಂದುಕೊಂಡು ಜನ ಬಳೆ ಹಿಡಿದುಕೊಂಡು ಬಂದಾರು.

ಹಿನ್ನೋಟ ಅಂದರೆ ಪತ್ರಿಕೆಗಳು ಡಿಸೆಂಬರ್ ಕೊನೆಗೆ ಹಾಕುವ ಪುರವಣಿ. ಯಾರು ಸತ್ತರು, ಯಾರು ಗೆದ್ದರು ಅಂತ. ಅದನ್ನು ನೋಡಿ ಯಾರಿಗೂ ಎದೆ ಹೊಡೆದುಕೊಳ್ಳುವುದಿಲ್ಲ. ಇಲ್ಲಿ ಎದೆ ಹೊಡೆದುಕೊಳ್ಳುವ ಪದ ಬೇಕು.

ಪೂರ್ವಾನ್ವಯ ಇರಲಿ. ಸರ್ಕಾರಿ ನೌಕರರ ವೇತನ ಪರಿಷ್ಕರಣೆ ಸುದ್ದಿಯಲ್ಲಿ 'ಪೂರ್ವಾನ್ವಯವಾಗುವಂತೆ' ಅಂತ ಓದಿ ಎಲ್ಲರಿಗೂ ರೂಢಿಯಾಗಿದೆ. ವೊಡಾಫೋನ್ ಕಂಪನಿಯ ತೆರಿಗೆ ಜಗಳದಲ್ಲೂ ಅದೇ ಪದ ಬಳಸಿದೆವು. 2012ರಲ್ಲಿ ಸುಪ್ರೀಂ ಕೋರ್ಟ್ ಕಂಪನಿ ಪರವಾಗಿ ತೀರ್ಪು ಕೊಟ್ಟಿತು. ಕೇಂದ್ರ ಸರ್ಕಾರ ಕಾನೂನನ್ನೇ ತಿದ್ದಿ, ಅದು 1962ರಿಂದಲೇ ಜಾರಿಯಲ್ಲಿತ್ತು ಅಂದಿತು. 2021ರಲ್ಲಿ ಕೈಬಿಟ್ಟರು. ಪದ ಸಿದ್ಧವಿದೆ, ಬಳಸಿ.

ವಿ.ಎಂ., ಬೆಂಗಳೂರು

———

ವಿ.ಎಂ. ಸರ್, ಅಲ್ಲೇ ಎಡವಟ್ಟು. ವೊಡಾಫೋನ್‌ನಲ್ಲಿ ಹಿಂದಕ್ಕೆ ಹೋಗಿದ್ದು ಕಾನೂನು. ಇಲ್ಲಿ ಹಿಂದಕ್ಕೆ ಹೋಗುವುದು ಅಧಿಕಾರಿಯ ಕಣ್ಣು ಮಾತ್ರ.

ನಾನು ಲೀಡ್ಸ್‌ನಲ್ಲಿ ಇಂಥವರ ಲೆಕ್ಕ ಬರೆಯುತ್ತೇನೆ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಐಆರ್35 ಹೊಸದಲ್ಲ. 1999ರ ಬಜೆಟ್ ಹೊತ್ತಿಗೆ ಆಗಿನ ತೆರಿಗೆ ಇಲಾಖೆ ಇನ್‌ಲ್ಯಾಂಡ್ ರೆವಿನ್ಯೂ ಹೊರಡಿಸಿದ ಪತ್ರಿಕಾ ಪ್ರಕಟಣೆಯ ನಂಬರ್ ಅದು. ಜಾರಿಗೆ ಬಂದಿದ್ದು 2000ದ ಏಪ್ರಿಲ್‌ನಲ್ಲಿ. 2018ರಲ್ಲಿ ನೀವು ಮಾಡಿದ ಕೆಲಸಕ್ಕೆ 2018ರಲ್ಲೇ ಆ ನಿಯಮವಿತ್ತು. 2021ರಲ್ಲಿ ಬದಲಾಗಿದ್ದು ಯಾರು ತೀರ್ಮಾನಿಸಬೇಕು, ತಪ್ಪಿದರೆ ಯಾರು ಕಟ್ಟಬೇಕು ಎಂಬುದು. ಪೂರ್ವಾನ್ವಯ ಅಂತ ಬರೆದರೆ ಜನ 'ಅನ್ಯಾಯದ ಕಾನೂನು, ಕೋರ್ಟಿನಲ್ಲಿ ನಿಲ್ಲಲ್ಲ' ಅಂತ ಸುಮ್ನೆ ಕೂತುಬಿಡುತ್ತಾರೆ. ಅದು ಅಪಾಯ.

ಪೂರ್ವಾನ್ವಯಕ್ಕೆ ಹತ್ತಿರವಾದದ್ದು ಇಲ್ಲಿ ಬೇರೆ ಇದೆ, ಲೋನ್ ಚಾರ್ಜ್. ಸಂಬಳದ ಬದಲು 'ಸಾಲ' ಅಂತ ಕೊಡುವ ಸ್ಕೀಮ್‌ಗಳ ಮೇಲೆ ಹಾಕಿದ ತೆರಿಗೆ. ಮೊದಲು 1999ರಿಂದ ಈಚಿನ ಸಾಲಗಳಿಗೆಲ್ಲ ಅಂದರು. 2019ರ ಪರಿಶೀಲನೆ ಆದಮೇಲೆ 2010ರ ಡಿಸೆಂಬರ್ 9ರಿಂದ ಈಚೆಗೆ ಎಂದು ಇಳಿಸಿದರು. ಕರಪತ್ರದಲ್ಲಿ ಎರಡನ್ನೂ ಕಲಸಬೇಡಿ.

ಅಧಿಕಾರಿಯ ಕಣ್ಣು ಎಷ್ಟು ದೂರ ಹೋಗಬಹುದು ಅಂದರೆ, ಸಾಮಾನ್ಯವಾಗಿ ನಾಲ್ಕು ವರ್ಷ. ಅಜಾಗರೂಕತೆ ಇದ್ದರೆ ಆರು. ಬೇಕಂತಲೇ ಮಾಡಿದ್ದರೆ ಇಪ್ಪತ್ತು. 2020-21ರ ಮಾಮೂಲಿ ನಾಲ್ಕು ವರ್ಷ 2025ರ ಏಪ್ರಿಲ್ 5ಕ್ಕೆ ಮುಗಿದಿದೆ. ಈಗ ಜಗಳವೆಲ್ಲ ನಿಮ್ಮದು ಅಜಾಗರೂಕತೆಯೋ ಅಲ್ಲವೋ ಎಂಬುದರ ಮೇಲೆ. ಆಗ ಕರಾರನ್ನು ಯಾರಾದರೂ ತಿಳಿದವರಿಗೆ ತೋರಿಸಿ, ಅವರ ಅಭಿಪ್ರಾಯವನ್ನು ಬರಹದಲ್ಲಿ ಇಟ್ಟುಕೊಂಡವರು ಸ್ವಲ್ಪ ನಿರಾಳ. ಇನ್ನೊಂದು ಸಂಗತಿ ಖಂಡಿತ ಹಾಕಿ: 2021ರ ಬದಲಾವಣೆಯಿಂದ ಸಿಕ್ಕ ಮಾಹಿತಿ ಹಿಡಿದುಕೊಂಡು ಅದಕ್ಕೆ ಹಿಂದಿನ ವರ್ಷಗಳ ಹೊಸ ತನಿಖೆ ತೆರೆಯುವುದಿಲ್ಲ, ವಂಚನೆ ಅಥವಾ ಅಪರಾಧದ ಶಂಕೆ ಇದ್ದರೆ ಮಾತ್ರ ತೆರೆಯುತ್ತೇವೆ ಎಂದು ಇಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯವರೇ ಹೇಳಿದ್ದಾರೆ. ಜನ ನಂಬುವುದಿಲ್ಲ, ಅದು ಬೇರೆ ಮಾತು. ಬೇರೆ ದಾರಿಯಿಂದ ಬಂದ ಮಾಹಿತಿಗೆ ಆ ಮಾತು ಅನ್ವಯಿಸುವುದಿಲ್ಲವಲ್ಲ.

ಹಾಗೇ ಒಂದು ವಿನಂತಿ. ಐಆರ್35 ನಿಯಮಕ್ಕೆ ಸಿಕ್ಕವರನ್ನು 'ಇನ್‌ಸೈಡ್', ಸಿಗದವರನ್ನು 'ಔಟ್‌ಸೈಡ್' ಅಂತ ಇಲ್ಲಿ ಎಲ್ಲರೂ ಅಂತಾರೆ. ಅದನ್ನು 'ಒಳಗೆ' ಅಂತ ಮಾಡಬೇಡಿ. 'ನಿಮ್ಮ ಯಜಮಾನರು ಒಳಗೆ ಹೋದರಂತೆ' ಅಂತ ಊರಿಗೆ ಫೋನ್ ಹೋಗುತ್ತದೆ.

ಜಿ.ಆರ್., ಲೀಡ್ಸ್

———

ಪ.ನ. ಅವರೇ, ದಾರ ಬೇಡ, ಗಾರ ಬೇಕು ಅಂತೀರಿ. ಆ ಗಾರ ಸಂಸ್ಕೃತದ 'ಕಾರ'ದಿಂದ ಬಂದದ್ದು ಅನ್ನುವ ವಿದ್ವಾಂಸರೂ ಇದ್ದಾರಲ್ರೀ. ಪಾರಸಿ ಆದರೆ ಮೈಲಿಗೆ, ಸಂಸ್ಕೃತ ಆದರೆ ಮಡಿಯೇ? ಪಾಲುದಾರ, ಬಾಡಿಗೆದಾರ, ಖಾತೆದಾರ ಎಲ್ಲ ಬಿಟ್ಟು ನಾಳೆ ಬ್ಯಾಂಕಿಗೆ ಹೋಗಿ ನೋಡಿ.

ಹಳೆಯ ಬಾಕಿಗೆ ನಮ್ಮಲ್ಲಿ ಹಿಂಬಾಕಿ ಅಂತೇವೆ. 'ಹಿಂದೆ' ಕನ್ನಡ, 'ಬಾಕಿ' ಅರಬ್ಬಿ. ಪಿಂಚಣಿ ಹಿಂಬಾಕಿ ಬಂತು ಅಂದರೆ ಯಾರಾದರೂ ವ್ಯುತ್ಪತ್ತಿ ಕೇಳ್ತಾರೇನು? ಎಸ್.ಕೆ. ಅವರೇ, 'ಹಿಂಬಾಕಿ ತೆರಿಗೆ' ನೋಡಿ.

ಗು.ಹೆ., ಧಾರವಾಡ

———

ಕೇಶಿರಾಜ ಗಾರವನ್ನು ತದ್ಧಿತಗಳಲ್ಲಿ ಹೇಳಿದ್ದಾನೆ. ದಾರವನ್ನು ಹೇಳಿಲ್ಲ. ನನಗೆ ಅಷ್ಟು ಸಾಕು.

ಪ.ನ.

———

ಹದಿಮೂರನೆಯ ಶತಮಾನದವನಿಗೆ ಬ್ಯಾಂಕ್ ಖಾತೆ ಇರಲಿಲ್ಲ.

ಗು.ಹೆ.

———

ಹಿಂಬಾಕಿ ಚೆಂದದ ಪದ, ಆದರೆ ಅದು ತನಿಖೆ ಮುಗಿದು, ಇಷ್ಟು ಕಟ್ಟಬೇಕು ಅಂತ ತೀರ್ಮಾನ ಆದಮೇಲೆ ಬರುವುದು. ಬಾಕಿ ಇದೆಯೋ ಇಲ್ಲವೋ ಎಂಬುದೇ ಇಲ್ಲಿ ಪ್ರಶ್ನೆ.

ನೀವೆಲ್ಲ ಬಾಲದ ಪ್ರತ್ಯಯಕ್ಕೆ ಜೋತುಬಿದ್ದಿದ್ದೀರಿ. ಕಷ್ಟದ ಪದ ನಡುವಿನದು. 'ಉದ್ಯೋಗ ಸ್ಥಿತಿ' ಅಂದರೆ ಕೆಲಸ ಇದೆಯೋ ಇಲ್ಲವೋ ಅಂತ ಅರ್ಥ ಬರುತ್ತದೆ, ಮ್ಯಾಟ್ರಿಮನಿ ಜಾಹೀರಾತಿನ ಹಾಗೆ. ಇವರು ಕೇಳುತ್ತಿರುವುದು ಸಂಬಂಧದ ಬಗ್ಗೆ. ನೀನು ಅವರ ಆಳೋ, ಸ್ವಂತ ಕಸುಬಿನವನೋ?

ನಮ್ಮಲ್ಲಿ ಈ ಪ್ರಶ್ನೆ ಇಲ್ಲ ಅಂದುಕೊಳ್ಳಬೇಡಿ, ತಲೆಕೆಳಗಾಗಿ ಇದೆ. ಆಶಾ ಕಾರ್ಯಕರ್ತೆಯರು ಸಂಬಳ ಪಡೆಯುವುದಿಲ್ಲ, ಗೌರವಧನ ಪಡೆಯುತ್ತಾರೆ. ಕಾಗದದಲ್ಲಿ ಅವರು ಸ್ವಯಂಸೇವಕಿಯರು. ಸರ್ಕಾರಿ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರು 'ಅತಿಥಿ' ಉಪನ್ಯಾಸಕರು. ಇವರೆಲ್ಲ ನಮ್ಮನ್ನು ನೌಕರರು ಅನ್ನಿ ಅಂತ ಬೀದಿಗೆ ಇಳಿಯುತ್ತಾರೆ. ಅಲ್ಲಿಯವರು ನಮ್ಮನ್ನು ನೌಕರರು ಅನ್ನಬೇಡಿ ಅಂತ ಕೋರ್ಟಿಗೆ ಹೋಗುತ್ತಾರೆ. ತಮಾಷೆ ಏನೆಂದರೆ, ಐಆರ್35ರಲ್ಲಿ ಸಿಕ್ಕಿಬಿದ್ದವರಿಗೂ ನೌಕರರ ತೆರಿಗೆ ಮಾತ್ರ ಬರುತ್ತದೆ. ಆ ಬ್ಯಾಂಕಿನಿಂದ ರಜೆ, ಪಿಂಚಣಿ ಬರುವುದಿಲ್ಲ ಅಂತ ಕೇಳಿದ್ದೇನೆ. ಜಿ.ಆರ್. ಹೇಳಲಿ.

ಕಾಂಟ್ರ್ಯಾಕ್ಟರ್ ಅನ್ನುವುದನ್ನು ಹಾಗೇ ಬಿಡಿ. 'ಗುತ್ತಿಗೆದಾರ' ರಸ್ತೆ ಹಾಕುವವನು, 'ಗುತ್ತಿಗೆ ನೌಕರ' ಕಾಯಂ ಆಗದವನು, 'ಹೊರಗುತ್ತಿಗೆ' ಏಜೆನ್ಸಿ ಮೂಲಕ ಬಂದವನು. ಮೂರೂ ಸಲ್ಲದು.

ಶಾ., ಶಿವಮೊಗ್ಗ

———

ಶಾ. ಮೇಡಂ ಹೇಳಿದ್ದು ಸರಿ. ತೆರಿಗೆಗೆ ಮಾತ್ರ ನೌಕರ, ಹಕ್ಕಿಗೆ ಅಲ್ಲ. ಇಲ್ಲಿನವರ ಹೊಟ್ಟೆಯುರಿ ಹೆಚ್ಚಾಗಿ ಅದೇ.

ಕೋರ್ಟು ನೋಡುವುದು ಮುಖ್ಯವಾಗಿ ಮೂರು. ನೀವೇ ಬರಬೇಕಾ, ಬದಲಿ ಕಳಿಸಬಹುದಾ? ಹೇಗೆ, ಎಲ್ಲಿ, ಯಾವಾಗ ಮಾಡಬೇಕು ಅಂತ ಹೇಳುವವರು ಯಾರು? ಅವರು ಕೆಲಸ ಕೊಡಲೇಬೇಕು, ನೀವು ಮಾಡಲೇಬೇಕು ಎಂಬ ಕಟ್ಟುಪಾಡು ಇದೆಯಾ? 1968ರ ರೆಡಿ ಮಿಕ್ಸ್ಡ್ ಕಾಂಕ್ರೀಟ್ ಕೇಸಿನಿಂದ ನಡೆದು ಬಂದ ಲೆಕ್ಕ ಇದು. ಕರಾರಿನಲ್ಲಿ ಬರೆದದ್ದಕ್ಕಿಂತ ನಡೆದದ್ದು ಮುಖ್ಯ. ಬದಲಿ ಕಳಿಸಬಹುದು ಅಂತ ಬರೆದಿದ್ದು, ಕಳಿಸಿದರೆ ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ ಅಂತಿದ್ದರೆ ಆ ಸಾಲು ವ್ಯರ್ಥ.

ಟಿವಿಯವರ ಎರಡು ಕೇಸು ಕರಪತ್ರಕ್ಕೆ ಚೆನ್ನಾಗಿರುತ್ತದೆ. ಬಿಬಿಸಿಯಲ್ಲಿದ್ದ ಕ್ರಿಸ್ಟಾ ಆಕ್ರಾಯ್ಡ್ ಅಲ್ಲಿಂದ ಹೊರಬಿದ್ದದ್ದು 2013ರಲ್ಲಿ, ಟ್ರಿಬ್ಯೂನಲ್‌ನಲ್ಲಿ ಸೋತದ್ದು 2018ರಲ್ಲಿ. ಮೊತ್ತ ನಾಲ್ಕು ಲಕ್ಷ ಪೌಂಡಿಗೂ ಜಾಸ್ತಿ. ಮರುವರ್ಷ ಲೊರೇನ್ ಕೆಲ್ಲಿ 12 ಲಕ್ಷ ಪೌಂಡಿನ ತೆರಿಗೆ ಬೇಡಿಕೆಯ ವಿರುದ್ಧ ಗೆದ್ದರು. ಕೆಲಸ ನೋಡಿದರೆ ಇಬ್ಬರೂ ಕ್ಯಾಮೆರಾ ಮುಂದೆ ಕೂತು ಮಾತಾಡಿದವರೇ.

ಜಿ.ಆರ್.

———

ಒಂದು ಅನುಮಾನ. ಐಟಿಯವರಿಗೆ ಇಂಗ್ಲಿಷ್ ಬರುತ್ತದಲ್ಲವೇ? ಈ ಕನ್ನಡ ಪೋಸ್ಟರ್ ಯಾರಿಗೆ?

ವಿ.ಎಂ.

———

ಸರ್, ಬಹಳ ಮನೆಗಳಲ್ಲಿ ಆ ಪುಟ್ಟ ಕಂಪನಿಯ ಇನ್ನೊಬ್ಬ ಡೈರೆಕ್ಟರ್ ಹೆಂಡತಿ. ಇಲ್ಲವೇ ಗಂಡ. 'ಇಲ್ಲಿ ಸಹಿ ಹಾಕು' ಅಂದಾಗ ಹಾಕಿದವರು. ಇಂಗ್ಲಿಷ್ ಬರುತ್ತದೆ, ತೆರಿಗೆ ಇಲಾಖೆಯ ಇಂಗ್ಲಿಷ್ ಬರುವುದಿಲ್ಲ. ಮನೆಗೆ ಕಂದು ಲಕೋಟೆ ಬಂದಾಗ ಮೊದಲು ತೆರೆಯುವವರು ಅವರೇ. ಕನ್ನಡದಲ್ಲಿ ಕೂತು ಮಾತಾಡಿದರೆ ಪ್ರಶ್ನೆ ಕೇಳುತ್ತಾರೆ, ಇಂಗ್ಲಿಷಿನಲ್ಲಿ ತಲೆ ಆಡಿಸುತ್ತಾರೆ.

ಎಸ್.ಕೆ.

———

ತನಿಖೆಯ ಬಗ್ಗೆ ಯಾರೂ ಯೋಚಿಸಲಿಲ್ಲ. ತನಿಖೆ ಅಂದರೆ ನಮ್ಮವರಿಗೆ ಸಿಬಿಐ, ಲೋಕಾಯುಕ್ತ, ದಾಳಿ, ಮಂಚದ ಕೆಳಗಿನ ನೋಟು. ಇದು ಕಾಗದ ತರಿಸಿ ನೋಡುವ ಕೆಲಸ ಇರಬೇಕು, ಅಲ್ವಾ? ಹಾಗಿದ್ದರೆ ತಪಾಸಣೆ ಸಾಕು.

ವಿ.ಎಂ.

———

ತಪಾಸಣೆ ಮರಾಠಿಯಿಂದ ಬಂದದ್ದು. ಒಂದು ಬಿಟ್ಟು ಇನ್ನೊಂದಕ್ಕೆ ಬಿದ್ದಿರಿ. ಇಂಗ್ಲೆಂಡಿನಲ್ಲಿ ಕೂತವರಿಗೆ ಕನ್ನಡ ಬೇಕಾಗಿಲ್ಲ ಎಂದ ಮೇಲೆ ಕೇಳಿದ್ದೇಕೆ? ಕಾಂಟ್ರ್ಯಾಕ್ಟರ್, ಕಂಪನಿ, ಡೈರೆಕ್ಟರ್, ಎಲ್ಲ ಹಾಗೇ ಇರಲಿ, ನಡುವೆ ಒಂದು 'ಮತ್ತು' ಹಾಕಿ.

ಪ.ನ.

———

ಮರಾಠಿ ನಮ್ಮ ಪಕ್ಕದ ಮನೆ. ಅವರ ಹತ್ತಿರ ಪದ ಇಸ್ಕೊಂಡರೆ ನಮ್ಮ ಮನೆ ಬಡವಾಗುವುದಿಲ್ಲ. ಧಾರವಾಡದಲ್ಲಿ ಬಸ್ ಟಿಕೆಟ್ ತಪಾಸಣೆ ನಡೀತದ, ಒರೆತ ನಡೆಯೋದಿಲ್ಲ. ಪೋಸ್ಟರಿಗೆ 'ಹಳೇ ಲೆಕ್ಕ ಕೆದಕುತ್ತಾರಾ?' ಅಂತ ಹಾಕಿ. 'ಕೆದಕು' ಅಪ್ಪಟ ಕನ್ನಡ, ಪ.ನ. ಅವರೂ ತಕರಾರು ತೆಗೆಯಲಾರರು. 'ತಕರಾರು' ಮಾತ್ರ ಅರಬ್ಬಿ.

ಗು.ಹೆ.

———

ಪ.ನ. ಸರ್, ಕನ್ನಡ ಬೇಕು ಎಂದೇ ಕೇಳಿದ್ದು. ನೀವು ಕೊಟ್ಟ ಪದವನ್ನು ಸಭಾಂಗಣದ ಬಾಗಿಲಲ್ಲಿ ನಿಂತು ನಾನೇ ಎಲ್ಲರಿಗೂ ವಿವರಿಸಬೇಕಾದರೆ ಪೋಸ್ಟರ್ ಯಾಕೆ?

ಪ್ರಿಂಟಿಗೆ ಹೋದದ್ದು ಹೀಗೆ. ಪೋಸ್ಟರಿನ ತಲೆಬರಹ: 'ಹಳೆಯ ಲೆಕ್ಕ ಕೆದಕುತ್ತಾರಾ?' ಕೆಳಗೆ: 'ಸ್ವಂತ ಕಂಪನಿಯ ಮೂಲಕ ಕೆಲಸ ಮಾಡುವ ಕಾಂಟ್ರ್ಯಾಕ್ಟರ್‌ಗಳಿಗೂ ಅವರ ಮನೆಯವರಿಗೂ. ಐಆರ್35 ಮತ್ತು ಹಿಂದಿನ ವರ್ಷಗಳ ತೆರಿಗೆ ತಪಾಸಣೆ ಬಗ್ಗೆ ಮಾತುಕತೆ'. ಕರಪತ್ರದಲ್ಲಿ ಸ್ಟೇಟಸ್‌ಗೆ ಪದವೇ ಇಲ್ಲ, 'ತೆರಿಗೆಯ ಲೆಕ್ಕಕ್ಕೆ ನೀವು ನೌಕರರೋ ಅಲ್ಲವೋ' ಎಂದು ಪೂರ್ತಿ ಬರೆದಿದ್ದೇನೆ. ಪೂರ್ವಾನ್ವಯ ಲೋನ್ ಚಾರ್ಜ್ ಭಾಗದಲ್ಲಿ ಒಮ್ಮೆ ಮಾತ್ರ ಬರುತ್ತದೆ. ಜಿ.ಆರ್. ಶನಿವಾರ ಲೀಡ್ಸ್‌ನಿಂದ ಬರಲು ಒಪ್ಪಿದ್ದಾರೆ.

ಎಸ್.ಕೆ.

———

'ಮಾತುಕತೆ'ಯಲ್ಲಿ 'ಕತೆ' ಸಂಸ್ಕೃತದ ತದ್ಭವ.

ಪ.ನ.