ಸಹಾಯ ಬೇಕು: ಸ್ಟೆಂಟ್ ಹಾಕಿಸಿಕೊಂಡ ಮೇಲೂ ವಿಮಾನ ಹಾರಿಸುತ್ತಿರುವವರು ಇದ್ದೀರಾ?

ನಮಸ್ಕಾರ. ಟೆಕ್ಸಾಸ್‌ನಲ್ಲಿ ನೆಲೆಸಿರುವ ಹಾಸನದವನು ನಾನು, ವಯಸ್ಸು 52. ವಾರಾಂತ್ಯದಲ್ಲಿ ಸೆಸ್ನಾ 172 ಹಾರಿಸುತ್ತೇನೆ, ಹಾರಾಟ ಕಲಿಸುತ್ತೇನೆ ಕೂಡ. 2017ರಲ್ಲಿ ಬೇಸಿಕ್‌ಮೆಡ್ (ಸಣ್ಣ ವಿಮಾನದ ಪೈಲಟ್‌ಗಳು ಸರ್ಕಾರಿ ವೈದ್ಯಕೀಯ ಪ್ರಮಾಣಪತ್ರವನ್ನು ನವೀಕರಿಸದೆಯೂ ಹಾರಿಸಲು ಬಿಡುವ ಅಮೆರಿಕದ ನಿಯಮ) ಬಂದ ಮೇಲೆ ನೆಮ್ಮದಿಯಾಗಿತ್ತು: 48 ತಿಂಗಳಿಗೊಮ್ಮೆ ಮಾಮೂಲಿ ವೈದ್ಯರಿಂದಲೇ ತಪಾಸಣೆ, 24 ತಿಂಗಳಿಗೊಮ್ಮೆ ಆನ್‌ಲೈನ್ ಪಾಠ.

ಕಳೆದ ತಿಂಗಳು ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಬಿತ್ತು. (ಹೆಂಡತಿಗೆ ವಿಮಾನವೇ ಕಾರಣ, ವೈದ್ಯರಿಗೆ ನನ್ನ ಬೆಣ್ಣೆ ದೋಸೆ.) ಈಗ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯಿಂದ ಒಂದು ಬಾರಿಯಾದರೂ ಸ್ಪೆಷಲ್ ಇಶ್ಯೂಯೆನ್ಸ್ (ಕಾಯಿಲೆ ಇದ್ದರೂ ಪರಿಶೀಲಿಸಿ ಕೊಡುವ ವಿಶೇಷ ವೈದ್ಯಕೀಯ ಪ್ರಮಾಣಪತ್ರ) ಪಡೆಯಲೇಬೇಕು. ಅರ್ಜಿ ತಿರಸ್ಕೃತವಾದರೆ ಬೇಸಿಕ್‌ಮೆಡ್ ಬಾಗಿಲೂ ಮುಚ್ಚುತ್ತದೆ ಎಂಬುದೇ ನನ್ನ ಹೆದರಿಕೆ. ಈ ದಾರಿಯಲ್ಲಿ ನಡೆದವರು ಯಾವ ವರದಿಗಳನ್ನು ಮೊದಲೇ ಸಿದ್ಧಪಡಿಸಿಕೊಂಡಿರಿ? ಉತ್ತರ ಬರಲು ಎಷ್ಟು ತಿಂಗಳು ಹಿಡಿಯಿತು?

ಇನ್ನೊಂದು ಮಾತು. ವಿಮಾನದ ಹೊಣೆ ಹೊತ್ತ ಪೈಲಟ್ ನಾನಲ್ಲದಿದ್ದರೆ, ಅಗತ್ಯ ಸಿಬ್ಬಂದಿಯೂ ಆಗಿರದಿದ್ದರೆ, ಬೋಧಕನಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕಿಲ್ಲ. ಹಾಗಾಗಿ ಪರವಾನಗಿ ಇರುವ ಪೈಲಟ್‌ಗಳಿಗೆ ಎರಡು ವರ್ಷಕ್ಕೊಮ್ಮೆ ಮಾಡುವ ಮರುಪರಿಶೀಲನೆಯನ್ನಷ್ಟೇ ನಡೆಸೋಣ ಎಂದುಕೊಂಡಿದ್ದೇನೆ. ಹೊಸ ಕಲಿಕೆಯವರನ್ನು ಸದ್ಯ ಬೇರೆಯವರಿಗೆ ಒಪ್ಪಿಸಿದ್ದೇನೆ. ಹೀಗೆ ಕಲಿಸುವಾಗ ನಿಮ್ಮ ವಿಮಾ ಕಂಪನಿ ತಕರಾರು ತೆಗೆಯಿತೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.